ಪೆಂಟಾ ಹಾಕಿದ ಆಲ್ಕಿಡ್ ಮತ್ತೆ ಮತ್ತೆ ಜೆಲ್ ಆಗುತ್ತಿದೆ, ದಯವಿಟ್ಟು ಸಹಾಯ ಮಾಡಿ

ಹಳೇಬ್ರಷ್: ಆಲ್ಕಿಡ್ (ಬಣ್ಣ, ವಾರ್ನಿಷ್‌ಗೆ ಎಣ್ಣೆ ಸೇರಿಸಿ ಕಾಯಿಸುವ ರಾಳ) ಮೂರನೇ ಬ್ಯಾಚೂ ಹಾಳಾಯಿತು. ಗ್ಲಿಸರಾಲ್‌ನಲ್ಲಿ ಮಾಡುವಾಗ ಒಂದು ಸಲವೂ ತೊಂದರೆ ಆಗಿರಲಿಲ್ಲ. ಬೇಗ ಒಣಗಲಿ, ಪದರ ಗಟ್ಟಿ ಬರಲಿ ಅಂತ ಈಗ ಅದರ ಬದಲು ಪೆಂಟಾಎರಿಥ್ರಿಟಾಲ್ (ಪೆಂಟಾ) ಹಾಕಿದೆ. ತೂಕವೂ ಅದೇ, ಬೇರೇನೂ ಬದಲಿಸಿಲ್ಲ. 230 ಡಿಗ್ರಿಯಲ್ಲಿ ಸ್ಯಾಂಪಲ್ ತೆಗೆದರೆ ಉದ್ದಕ್ಕೆ ಎಳೆ ಬಂತು. ಹತ್ತೇ ನಿಮಿಷ, ಇಡೀ ಮುದ್ದೆ ಕಲಕುವ ಕಡ್ಡಿಗೆ ಸುತ್ತಿಕೊಂಡು ಮೇಲೇರಿತು.

ರಾಳ42: ಪೆಂಟಾ ಸರಿಯಾಗಿ ಬೆರೆತಿಲ್ಲ. ಅದು ಕರಗುವುದೇ ಸುಮಾರು 260 ಡಿಗ್ರಿಗೆ. ಎಣ್ಣೆ ಜೊತೆ ಒಂದಾಗುವ ಮೊದಲೇ ಥಾಲಿಕ್ (ರಾಳದ ಆಮ್ಲದ ಭಾಗ) ಹಾಕಿದ್ದೀರಿ. ಬೆರೆತಿದೆಯಾ ಅಂತ ನೋಡಲು ಮೆಥನಾಲ್ ಟೆಸ್ಟ್ ಮಾಡಿದಿರಾ?

ಹಳೇಬ್ರಷ್: ಮಾಡಿದೆ. 1 ಪಾಲಿಗೆ 3 ಪಾಲು ಮೆಥನಾಲ್. ತಿಳಿಯಾಗಿಯೇ ಇತ್ತು.

ರಾಳ42: ಬಿಸಿಯಲ್ಲಿ ನೋಡಿರುತ್ತೀರಿ. ತಣ್ಣಗಾದ ಮೇಲೆ ನೋಡಬೇಕು. ಇಲ್ಲಾಂದ್ರೆ ಟೆಕ್ನಿಕಲ್ ಗ್ರೇಡ್ ಇರಬೇಕು. ಅದರಲ್ಲಿ ಡೈಪೆಂಟಾ (ಎರಡು ಪೆಂಟಾ ಕೂಡಿದ ಅಣು) ಸೇರಿರುತ್ತದೆ, ಒಂದು ಅಣುವಿಗೆ 6 ಹೈಡ್ರಾಕ್ಸಿಲ್ (ಆಮ್ಲ ಹಿಡಿಯುವ ಕೊಂಡಿ).

ವಾರ್ನಿಷ್ಪ್ರಿಯ: ಆಲ್ಕಿಡ್‌ಗೆ ಟೆಕ್ನಿಕಲ್ ಗ್ರೇಡೇ ಸಾಕು ಸಾರ್. ಸುಮ್ನೆ ಅದರ ಮೇಲೆ ತಪ್ಪು ಹೊರಿಸಬೇಡಿ.

ರಾಳ42: ಡೈಪೆಂಟಾ ತೀರಾ ಕಮ್ಮಿ ಇರುವ ಮೋನೋ ಗ್ರೇಡ್‌ನಲ್ಲಿ ಒಂದು ಬ್ಯಾಚ್ ಮಾಡಿ ನೋಡಿ, ಆಮೇಲೆ ಮಾತಾಡೋಣ.

ಅಗಸೆಎಣ್ಣೆ: ಒಂದು ನಿಮಿಷ. ಎಣ್ಣೆ ಎಷ್ಟು ಪರ್ಸೆಂಟ್ ಹಾಕುತ್ತೀರಿ?

ಹಳೇಬ್ರಷ್: 45. ಮೊದಲಿಂದಲೂ ಅಷ್ಟೇ. ಹೇಳಬೇಕಿತ್ತಾ?

ಅಗಸೆಎಣ್ಣೆ: ಅದನ್ನೇ ಮೊದಲು ಹೇಳಬೇಕಿತ್ತು! ಗ್ಲಿಸರಾಲ್‌ನಲ್ಲಿ 3 ಹೈಡ್ರಾಕ್ಸಿಲ್, ಪೆಂಟಾದಲ್ಲಿ 4. ಎಣ್ಣೆಯ ಕೊಬ್ಬಿನಾಮ್ಲ ಒಂದಷ್ಟನ್ನು ಮುಚ್ಚುತ್ತದೆ. ಉಳಿದದ್ದು ಥಾಲಿಕ್ ಹಿಡಿದು ಬಲೆ ಹೆಣೆಯುತ್ತದೆ. 45ರಲ್ಲಿ ಮುಚ್ಚಲು ಎಣ್ಣೆ ಸಾಲದು. ಮೇಲೆ ಅದೇ ತೂಕ ಬೇರೆ! ಗ್ಲಿಸರಾಲ್ 92 ಗ್ರಾಮಿಗೆ 3, ಪೆಂಟಾ 136 ಗ್ರಾಮಿಗೆ 4. ಅಂದರೆ ಜೆಲ್ ತಡೆಯುವ ಹೆಚ್ಚುವರಿ ಹೈಡ್ರಾಕ್ಸಿಲ್ ಕೂಡ ಕಮ್ಮಿಯಾಯಿತು. ಪೆಂಟಾ ಚೆನ್ನಾಗಿ ಒಗ್ಗುವುದು 60ಕ್ಕಿಂತ ಜಾಸ್ತಿ ಎಣ್ಣೆಗೆ. 45 ಬೇಕೇ ಬೇಕು ಅಂದ್ರೆ ಪೆಂಟಾ ಇಳಿಸಿ, ಉಳಿದ ಪೆಂಟಾದಷ್ಟೇ ಮೋಲ್ (ತೂಕವಲ್ಲ, ಅಣುಗಳ ಲೆಕ್ಕ) ಎಥಿಲೀನ್ ಗ್ಲೈಕಾಲ್ ಸೇರಿಸಿ, ಅದರಲ್ಲಿ ಹೈಡ್ರಾಕ್ಸಿಲ್ 2. ಸರಾಸರಿ 3 ಬರುತ್ತದೆ, ಗ್ಲಿಸರಾಲ್ ತರಹವೇ ನಡೆಯುತ್ತದೆ.

ವಾರ್ನಿಷ್ಪ್ರಿಯ: ಎಥಿಲೀನ್ ಗ್ಲೈಕಾಲ್ 197ಕ್ಕೇ ಕುದಿಯುತ್ತದೆ, ಅರ್ಧ ಹಾರಿಹೋಗುತ್ತದೆ ಅಲ್ವಾ? ನಾನು ನಿಯೋಪೆಂಟೈಲ್ ಗ್ಲೈಕಾಲ್ ಹಾಕುತ್ತೇನೆ. ನನ್ನದು ನಾಲ್ಕು ಬಾಯಿಯ 3 ಲೀಟರ್ ಫ್ಲಾಸ್ಕ್, ನೈಟ್ರೋಜನ್ ಲೈನ್, ಉದ್ದನೆಯ ಕಂಡೆನ್ಸರ್. ಹೊಸ ಜೇನಿನ ಬಣ್ಣದ ರಾಳ ಬರುತ್ತದೆ. ಫೋಟೋ ಹಾಕಲಾ?

ರಾಳ42: ನೈಟ್ರೋಜನ್ ಜೋರಾಗಿ ಬಿಟ್ಟರೆ ಯಾವ ಗ್ಲೈಕಾಲ್ ಆದರೂ ಹೋಗುತ್ತದೆ. ಅದಿರಲಿ, ತಣ್ಣಗಿನ ಮೆಥನಾಲ್ ಟೆಸ್ಟ್ ಏನಾಯಿತು?

ಹಳೇಬ್ರಷ್: ಮೊದಲು 62 ಎಣ್ಣೆಯಲ್ಲಿ, ಹೈಡ್ರಾಕ್ಸಿಲ್ ಲೆಕ್ಕ ಹಾಕಿಯೇ ಮಾಡುತ್ತೇನೆ. ಆದರೆ ಕಡ್ಡಿ ಇನ್ನೂ ಜೆಲ್‌ನಲ್ಲೇ ಸಿಕ್ಕಿಕೊಂಡಿದೆ, ಇರುವುದು ಒಂದೇ ಫ್ಲಾಸ್ಕ್. ಒಡೆಯದೆ ಬಿಡಿಸುವುದು ಹೇಗೆ?