ಜಿಲೇಬಿ ಮೀನಿನ ರಕ್ತದಲ್ಲಿ ಮೈಕ್ರೋನ್ಯೂಕ್ಲಿಯಸ್ ಎಣಿಕೆ: ಎಲ್ಲಿ ತಪ್ಪುತ್ತಿದೆ?

ಕೆರೆದಂಡೆ:
ಕೊಳಚೆ ಸೇರುವ ಕೆರೆಯ 10 ಜಿಲೇಬಿ ಮೀನು, ಮೀನುಮರಿ ಕೇಂದ್ರದ 10. ಜೀಮ್ಸಾ ಬಣ್ಣ ಹಾಕಿ ಮೀನಿಗೆ 500 ಕೆಂಪು ರಕ್ತಕಣ ನೋಡಿ ಮೈಕ್ರೋನ್ಯೂಕ್ಲಿಯಸ್ (ಡಿಎನ್‌ಎ ಹಾನಿಯಾದ ಕೋಶ ವಿಭಜನೆಯಾಗುವಾಗ ಮುಖ್ಯ ನ್ಯೂಕ್ಲಿಯಸ್ಸಿನ ಹೊರಗೆ ಉಳಿಯುವ ಚೂರು) ಎಣಿಸಿದ್ದೇವೆ. ಒಂದೇ ಗುಂಪಿನಲ್ಲಿ ಕೆಲವಕ್ಕೆ ಸೊನ್ನೆ, ಕೆಲವಕ್ಕೆ 9. ಸ್ಲೈಡ್ ತುಂಬ ನೀಲಿ ಚುಕ್ಕೆ ಬೇರೆ. ಇನ್ನೊಂದು, ಈ ಹಾನಿ ಮರಿಗಳಿಗೂ ಹೋಗುತ್ತದೆಯೇ?

ಸ್ಲೈಡ್‌ಮೇಷ್ಟ್ರು:
500 ಏನೇನೂ ಸಾಲದು. ಸಾವಿರಕ್ಕೆ ಒಂದು ಇರುವ ಮೀನಿನಲ್ಲಿ 500 ಎಣಿಸಿದರೆ ಐದರಲ್ಲಿ ಮೂರು ಸಲ ಸೊನ್ನೆಯೇ ಬರುತ್ತದೆ. ಮೀನಿಗೆ ಕನಿಷ್ಠ 2000 ಎಣಿಸಿ, ಎರಡು ಸ್ಲೈಡಿನಿಂದ, 100 ಎಕ್ಸ್ ಆಯಿಲ್ ಲೆನ್ಸಿನಲ್ಲಿ. ಯಾವ ಕೆರೆಯದೆಂದು ಎಣಿಸುವವರಿಗೆ ಗೊತ್ತಾಗದಂತೆ ಸ್ಲೈಡಿಗೆ ಬರೀ ನಂಬರ್ ಹಾಕಿ.

ಆ 9ರಲ್ಲಿ ಅರ್ಧ ಬಣ್ಣದ ಗಸಿಯೇ ಇರಬಹುದು. ಫೈನ್ ಫೋಕಸ್ ತಿರುಗಿಸಿ ನೋಡಿ: ಗಸಿ ಕಣದ ಮೇಲೆ ಕೂತಿರುತ್ತದೆ, ಬೇರೆ ಮಟ್ಟದಲ್ಲಿ ಸ್ಪಷ್ಟವಾಗುತ್ತದೆ. ನಿಜವಾದದ್ದು ಮುಖ್ಯ ನ್ಯೂಕ್ಲಿಯಸ್ ಜೊತೆಗೇ ಫೋಕಸ್ ಆಗುತ್ತದೆ. ಬಣ್ಣವೂ ಅದರದೇ, ಗಾತ್ರ ಮೂರನೇ ಒಂದು ಭಾಗಕ್ಕಿಂತ ಕಡಿಮೆ, ಅಂಟಿಕೊಂಡಿರುವುದಿಲ್ಲ. ಅಂಟಿದ್ದರೆ ಅದು ನ್ಯೂಕ್ಲಿಯಸ್ಸಿನ ಮೊಗ್ಗು, ಬೇರೆ ಕಾಲಂನಲ್ಲಿ ಬರೆಯಿರಿ.

ಜೀಮ್ಸಾವನ್ನು ಫಿಲ್ಟರ್ ಪೇಪರಿನಲ್ಲಿ ಸೋಸಿ, 6.8 ಪಿಎಚ್‌ನ ಫಾಸ್ಫೇಟ್ ಬಫರಿನಲ್ಲಿ ಶೇ 5ಕ್ಕೆ ತೆಳುಮಾಡಿ, ಆಗಲೇ ಬಳಸಿ. 20–30 ನಿಮಿಷ ಸಾಕು. ಬಣ್ಣಕ್ಕೂ ಮೊದಲು, ರಕ್ತದ ಲೇಪ ಪೂರ್ತಿ ಒಣಗಿದ ಮೇಲೆ ಮೆಥನಾಲ್, 10 ನಿಮಿಷ. ತೇವ ಹೀರಿದ ಹಳೇ ಮೆಥನಾಲ್ ಹಾಕಿದರೆ ಕಣದೊಳಗೆ ಹೊಳೆಯುವ ಗುಳ್ಳೆ ಏಳುತ್ತವೆ. ಹೊಸಬರು ಅದನ್ನೂ ಎಣಿಸಿಬಿಡುತ್ತಾರೆ!

ಕಿವಿರು:
ನನಗೆ ತಕರಾರಿರುವುದು ಹೋಲಿಕೆಯ ಮೀನಿನ ಬಗ್ಗೆ. ಮರಿ ಕೇಂದ್ರದ ಮೀನಿನ ಮೇವು, ವಯಸ್ಸು, ನೀರಿನ ಬಿಸಿ ಎಲ್ಲವೂ ಬೇರೆ. ಕೊಳಚೆ ಸೇರದ ಕೆರೆಯಿಂದ ಅದೇ ಗಾತ್ರದವನ್ನು ತನ್ನಿ. ಕೋಶ ವಿಭಜನೆ ಆಗದೆ ಮೈಕ್ರೋನ್ಯೂಕ್ಲಿಯಸ್ ಹುಟ್ಟುವುದಿಲ್ಲ. ಹಾಗಾಗಿ ತೊಟ್ಟಿಯಲ್ಲಿ ವಿಷ ಕೊಟ್ಟು ಮರುದಿನವೇ ರಕ್ತ ತೆಗೆದರೆ ಏನೂ ಕಾಣದು, ಕೆಲವು ದಿನ ಬಿಡಬೇಕು.

ಅಮೋನಿಯಾ ಅಳೆಯುವಾಗ ಪಿಎಚ್, ತಾಪಮಾನವನ್ನೂ ಬರೆದುಕೊಳ್ಳಿ. 25 ಡಿಗ್ರಿಯಲ್ಲಿ ಪಿಎಚ್ 7 ಇದ್ದರೆ ವಿಷಕಾರಿ ರೂಪ ಒಟ್ಟು ಅಮೋನಿಯಾದ ಶೇ 0.6ರಷ್ಟು; 9 ಆದರೆ ಶೇ 36ರಷ್ಟು. ಪಾಚಿಗಟ್ಟಿದ ಕೆರೆಯಲ್ಲಿ ಮಧ್ಯಾಹ್ನಕ್ಕೆ ಪಿಎಚ್ ಏರುತ್ತದೆ. ಆಗ ಹೆಚ್ಚುವ ಆ ವಿಷಕಾರಿ ಅಮೋನಿಯಾ ಕಿವಿರು ಸುಡುತ್ತದೆ. ಮೀನು ಸತ್ತು ತೇಲಿದ್ದನ್ನೆಲ್ಲ ಡಿಎನ್‌ಎ ಲೆಕ್ಕಕ್ಕೆ ಬರೆಯಬೇಡಿ.

ತಳಿಗಣಿತ:
ಎರಡನೇ ಪ್ರಶ್ನೆಗೆ: ರಕ್ತಕಣದ ಹಾನಿ ಮರಿಗೆ ಹೋಗದು, ಮೊಟ್ಟೆ, ವೀರ್ಯದ ಕೋಶದಲ್ಲಾದದ್ದು ಮಾತ್ರ ಹೋಗಬಹುದು. ಆದರೆ ಮಾಲಿನ್ಯ ಇನ್ನೊಂದು ದಾರಿಯಲ್ಲಿ ಇಡೀ ತಳಿಯನ್ನೇ ಬದಲಿಸುತ್ತದೆ. ಅಮೆರಿಕದ ಹಡ್ಸನ್ ನದಿಗೆ 1947ರಿಂದ 1976ರವರೆಗೆ ಪಿಸಿಬಿ ಎಂಬ ಕೈಗಾರಿಕಾ ವಿಷ ಹರಿಯಿತು. ಪಿಸಿಬಿಯ ವಿಷ ನಾಟಲು ಎಎಚ್‌ಆರ್2 ಜೀನು ಬೇಕು; ಅಲ್ಲಿನ ಟಾಮ್‌ಕಾಡ್ ಮೀನಿನ ಆ ಜೀನಿನಲ್ಲಿ ಡಿಎನ್‌ಎಯ ಆರು ಅಕ್ಷರ ಇಲ್ಲ ಎಂದು 2011ರಲ್ಲಿ ಪ್ರಕಟವಾಯಿತು. ಪಿಸಿಬಿ ಬಂದು ಆ ಜೀನನ್ನು ಕತ್ತರಿಸಿತು ಎಂದಲ್ಲ. ಮೊದಲೇ ಅಪರೂಪಕ್ಕಿದ್ದ ಆ ರೂಪದ ಮೀನುಗಳು ಉಳಿದವು, ಉಳಿದವೇ ಮರಿ ಮಾಡಿದವು. ಹಾಗೆ ಉಳಿದ ಮೀನಿನ ಮೈಯಲ್ಲಿ ಪಿಸಿಬಿ ಇದ್ದೇ ಇರುತ್ತದೆ, ತಿಂದವರಿಗೆ ದಾಟುತ್ತದೆ.

ಕೊಳಚೆ ಅಂದಮೇಲೆ ಗರ್ಭನಿರೋಧಕ ಮಾತ್ರೆಯ ಹಾರ್ಮೋನೂ ಬರುತ್ತದೆ. ಗಂಡು ಮೀನಿನ ರಕ್ತದಲ್ಲಿ ವೈಟೆಲೋಜೆನಿನ್ ನೋಡಿ. ಅದು ಮೊಟ್ಟೆಯ ಹಳದಿಯ ಪ್ರೋಟೀನು, ಗಂಡಿನಲ್ಲಿ ಹೆಚ್ಚಿದೆ ಎಂದರೆ ಹಾರ್ಮೋನು ಆ ಪ್ರೋಟೀನಿನ ಜೀನನ್ನು ಚಾಲೂ ಮಾಡಿದೆ ಎಂದರ್ಥ.

ಕೆರೆದಂಡೆ:
ಹಳೇ ಸ್ಲೈಡುಗಳನ್ನು ಎಸೆಯಬೇಕೇ?

ಸ್ಲೈಡ್‌ಮೇಷ್ಟ್ರು:
ಬೇಡ. ಜೈಲೀನಿನಲ್ಲಿ ಎಣ್ಣೆ ತೆಗೆದು, ಮೆಥನಾಲಿನಲ್ಲಿ ಬಣ್ಣ ಬಿಡುವವರೆಗೆ ಅದ್ದಿ, ಒಣಗಿಸಿ, ಸೋಸಿದ ಜೀಮ್ಸಾ ಮತ್ತೆ ಹಾಕಿ. ಮೊದಲು ಒಂದರಲ್ಲಿ ಮಾಡಿ ನೋಡಿ.