ಜೈಲಿನೊಳಗಿನ ಚಿಕಿತ್ಸೆ: ಶಾಸಕರು ಯಾವ ಲೆಕ್ಕ ಕೇಳಬೇಕು?

ಪ್ರಶ್ನೆ: ಮೇಡಂ, ನಾನು ಕಾನೂನು ವಿದ್ಯಾರ್ಥಿನಿ. ಲೈಂಗಿಕ ಅಪರಾಧಕ್ಕೆ ಶಿಕ್ಷೆಯಾದವರಿಗೆ ಜೈಲಿನಲ್ಲಿ ಕೊಡುವ ಚಿಕಿತ್ಸೆಯ ಮೇಲೆ ಶಾಸನಸಭೆ ಕಣ್ಣಿಡಬೇಕು ಅಂತಾರೆ. ಶಾಸಕರಿಗೆ ಮನಃಶಾಸ್ತ್ರ ಗೊತ್ತಿರಲ್ಲ. ಇಲಾಖೆಯವರು ವರ್ಷಕ್ಕೊಮ್ಮೆ ‘ಇಷ್ಟು ಜನ ಕೋರ್ಸ್ ಮುಗಿಸಿದರು’ ಅಂತ ವರದಿ ಕೊಟ್ಟರೆ ಸಾಲದೇ?

ಉತ್ತರ: ಸಾಲದಮ್ಮ. ಕೋರ್ಸ್ ಮುಗಿಸುವುದು ಬೇರೆ, ಬದಲಾಗುವುದು ಬೇರೆ.

ಇಂಗ್ಲೆಂಡ್ ಮತ್ತು ವೇಲ್ಸ್‌ನ ಜೈಲುಗಳಲ್ಲಿ 1990ರ ದಶಕದ ಶುರುವಿನಿಂದ ಇಂಥದ್ದೊಂದು ಗುಂಪು ಚಿಕಿತ್ಸೆ ಇತ್ತು. ಸಾವಿರಾರು ಕೈದಿಗಳು ಅದನ್ನು ಮುಗಿಸಿದರು. 2017ರಲ್ಲಿ ಅಲ್ಲಿನ ನ್ಯಾಯ ಸಚಿವಾಲಯ ಒಂದು ದೊಡ್ಡ ಅಧ್ಯಯನ ಪ್ರಕಟಿಸಿತು. ಚಿಕಿತ್ಸೆ ಪಡೆದ 2,562 ಜನರನ್ನು, ಪಡೆಯದೇ ಇದ್ದ ಅವರಂಥದೇ ಕೈದಿಗಳ ಜತೆ ಹೋಲಿಸಿ ನೋಡಿದ್ದರು. ಹೊರಬಂದ ಮೇಲೆ ಮತ್ತೆ ಲೈಂಗಿಕ ಅಪರಾಧ ಮಾಡಿದವರು ಪಡೆದವರಲ್ಲಿ ಶೇ. 10, ಪಡೆಯದವರಲ್ಲಿ ಶೇ. 8! ಅದೇ ವರ್ಷ ಆ ಕಾರ್ಯಕ್ರಮ ನಿಲ್ಲಿಸಿ ಬೇರೆ ಎರಡನ್ನು ತಂದರು. ಆದರೆ ಅಷ್ಟರಲ್ಲಿ ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಕಳೆದುಹೋಗಿತ್ತು. ಹೋಲಿಕೆ ಮಾಡಿ ತೋರಿಸಿ ಅಂತ ಮೊದಲೇ ಪಟ್ಟು ಹಿಡಿಯಬೇಕಾದವರು ಶಾಸಕರೇ ಅಲ್ವಾ?

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಹಾಗೆಯೇ ಪಟ್ಟು ಹಿಡಿದಿದ್ದರು. 1985ರಿಂದ 1995ರವರೆಗೆ ನಡೆದ ಯೋಜನೆಗೆ ಹಣ ಕೊಡುವಾಗಲೇ ಫಲಿತಾಂಶ ಅಳೆಯಬೇಕು ಅಂತ ಶಾಸನಸಭೆ ಹೇಳಿತ್ತು. ಒಪ್ಪಿ ಬಂದ ಕೈದಿಗಳಲ್ಲಿ ಯಾರಿಗೆ ಚಿಕಿತ್ಸೆ, ಯಾರಿಗಿಲ್ಲ ಅನ್ನುವುದನ್ನು ಚೀಟಿ ಎತ್ತಿದ ಹಾಗೆ ನಿರ್ಧರಿಸಿದರು. 2005ರಲ್ಲಿ ಕೊನೆಯ ಫಲಿತಾಂಶ ಬಂತು: ಎರಡು ಗುಂಪಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಬೇಸರದ ಸುದ್ದಿ, ಹೌದು. ಆದರೆ ನನ್ನ ಲೆಕ್ಕದಲ್ಲಿ ಇದೇ ಒಳ್ಳೆಯ ಉಸ್ತುವಾರಿ. ಉತ್ತರ ಏನು ಬರುತ್ತೋ ಗೊತ್ತಿಲ್ಲದೆ ಪ್ರಶ್ನೆ ಕೇಳುವ ಧೈರ್ಯ ಇತ್ತು.

ಪ್ರಶ್ನೆ: ಹಾಗಾದರೆ ಚಿಕಿತ್ಸೆಯೇ ವ್ಯರ್ಥ ಅಂತಲಾ? ಮುಚ್ಚಿಬಿಡುವುದೇ ವಾಸಿಯಾ?

ಉತ್ತರ: ಅಯ್ಯೋ, ಅಷ್ಟು ದೂರ ಹೋಗಬೇಡಿ. ಅದೇ ಕ್ಯಾಲಿಫೋರ್ನಿಯಾ ಅಧ್ಯಯನದಲ್ಲಿ, ಚಿಕಿತ್ಸೆಯ ಗುರಿಗಳನ್ನು ನಿಜವಾಗಿ ಮುಟ್ಟಿದವರು ಮತ್ತೆ ಅಪರಾಧ ಮಾಡಿದ್ದು ಮುಟ್ಟದವರಿಗಿಂತ ಕಡಿಮೆ. ಸುಮ್ನೆ ಹಾಜರಿ ಹಾಕಿಸಿಕೊಂಡವರನ್ನೂ ಇವರನ್ನೂ ಒಂದೇ ಸಾಲಿನಲ್ಲಿ ಎಣಿಸಿದರೆ ಏನೂ ತಿಳಿಯುವುದಿಲ್ಲ. ಮತ್ತೆ ಅಪರಾಧ ಮಾಡುವ ಅಪಾಯ ಜಾಸ್ತಿ ಇರುವವರಿಗೆ ಜಾಸ್ತಿ ಚಿಕಿತ್ಸೆ, ಕಡಿಮೆ ಇರುವವರಿಗೆ ಕಡಿಮೆ ಅನ್ನುವ ರೀತಿಯಲ್ಲಿ ನಡೆದ ಕಾರ್ಯಕ್ರಮಗಳು ಒಟ್ಟಾರೆ ಚೆನ್ನಾಗಿ ಕೆಲಸ ಮಾಡಿವೆ. ಹಾಗಾಗಿ ‘ಸೀಟು ಯಾರಿಗೆ ಸಿಕ್ಕಿತು’ ಅಂತಲೂ ಕೇಳಬೇಕು. ನಡುವೆ ಬಿಟ್ಟುಹೋದವರ ಲೆಕ್ಕ ಬೇರೆಯೇ ಇರಬೇಕು. ವರದಿಗಳಲ್ಲಿ ಮೊದಲು ಮಾಯವಾಗುವವರು ಇವರೇ.

ಇನ್ನೊಬ್ಬರ ಪ್ರಶ್ನೆ: ನಾನು ವಕೀಲ. ಕೋರ್ಸ್ ಮುಗಿಸದೆ ಪೆರೋಲ್ ಮೇಲೆ ಬಿಡುಗಡೆ ಇಲ್ಲ, ಕೋರ್ಸಿನಲ್ಲಿ ಜಾಗವೇ ಇಲ್ಲ ಅಂದರೆ ಕೈದಿ ಏನು ಮಾಡಬೇಕು ಮೇಡಂ?

ಉತ್ತರ: ಇದು ಬ್ರಿಟನ್‌ನಲ್ಲಿ ಆಗಿದೆ ಸರ್. ಲೈಂಗಿಕ ಅಪರಾಧಿಗಳಿಗೆ ಮಾತ್ರ ಸಂಬಂಧಿಸಿದ್ದಲ್ಲ. ಬಿಡುಗಡೆಯ ದಿನ ಮೊದಲೇ ಗೊತ್ತಿರದ ಶಿಕ್ಷೆಯ ಕಾನೂನು ತಂದರು, ಕೋರ್ಸ್‌ಗಳಿಗೆ ತಕ್ಕಷ್ಟು ವ್ಯವಸ್ಥೆ ಮಾಡಲಿಲ್ಲ. ಮೂವರು ಕೈದಿಗಳು ಯುರೋಪಿನ ಮಾನವ ಹಕ್ಕು ನ್ಯಾಯಾಲಯಕ್ಕೆ ಹೋದರು. ಅವರ ಸ್ವಾತಂತ್ರ್ಯದ ಹಕ್ಕಿಗೆ ಭಂಗವಾಗಿದೆ ಅಂತ 2012ರಲ್ಲಿ ತೀರ್ಪು ಬಂತು. ಕಾನೂನು ಪಾಸು ಮಾಡುವಾಗಲೇ ‘ಥೆರಪಿಸ್ಟ್‌ಗಳು ಎಷ್ಟು ಬೇಕು, ಎಷ್ಟು ಜನ ಇದ್ದಾರೆ’ ಅಂತ ಕೇಳಿದ್ದರೆ ಅಲ್ಲಿಯವರೆಗೆ ಹೋಗುತ್ತಿರಲಿಲ್ಲ.

ಪ್ರಶ್ನೆ: ಕೊನೆಯದೊಂದು. ಶಾಸಕರ ಸಮಿತಿ ಕೈದಿಗಳ ಫೈಲ್ ತರಿಸಿ ಓದಬಹುದಾ?

ಉತ್ತರ: ಬೇಡ. ಥೆರಪಿಯಲ್ಲಿ ಹೇಳಿದ್ದು ನಾಳೆ ಸಭೆಯಲ್ಲಿ ಚರ್ಚೆಯಾಗುತ್ತೆ ಅಂದರೆ ಯಾರೂ ಬಾಯಿ ಬಿಡುವುದಿಲ್ಲ. ಅಲ್ಲಿ ಸಂತ್ರಸ್ತರ ವಿವರವೂ ಇರುತ್ತೆ, ಅದನ್ನು ಮರೀಬೇಡಿ. ಇಲಾಖೆಗೆ ಸೇರದ ತಜ್ಞರೊಬ್ಬರು ಕೆಲವು ಫೈಲ್ ಆರಿಸಿ ಓದಲಿ, ಹೆಸರು ತೆಗೆದು ಸಮಿತಿಗೆ ವರದಿ ಕೊಡಲಿ. ಯಾವ ಫೈಲ್ ಅನ್ನುವುದನ್ನು ಮಾತ್ರ ಜೈಲಿನವರು ಆರಿಸಬಾರದು.