ಸಾಕಿದ ಹಂದಿ ಮೊದಲ ಸಲ ಗಬ್ಬ ನಿಂತಿದೆ, ಏನೇನು ರೆಡಿ ಮಾಡಿಕೊಳ್ಳಲಿ?

ಕೇಳಿದವರು: ಕೊಡಗಿನ ಅಮ್ಮತ್ತಿ ಕಡೆಯಿಂದ, ಡಿಸೆಂಬರ್ 12

ನಮ್ಮ ಮನೆಯಲ್ಲಿ ಬೊಮ್ಮಿ ಅಂತ ಒಂದು ಕರಿ ಹಂದಿ ಇದೆ. ಮಾರ್ಚ್‌ನಲ್ಲಿ ತಾಯಿ ಸತ್ತ ಮರಿಯಾಗಿ ಬಂತು, ಬಾಟಲಿ ಹಾಲು ಕೊಟ್ಟು ಸಾಕಿದ್ದು. ಮಾರುವುದಕ್ಕಲ್ಲ, ಕುಯ್ಯುವುದಕ್ಕಂತೂ ಅಲ್ಲವೇ ಅಲ್ಲ. ಹೆಸರು ಕರೆದರೆ ಕಾಫಿ ಕಣದ ಆ ತುದಿಯಿಂದ ಓಡಿ ಬರುತ್ತದೆ. ಸೆಪ್ಟೆಂಬರ್ 3ರಂದು, ಕೊಡವರ ಆಯುಧಪೂಜೆ ಹಬ್ಬ ಕೈಲ್‌ಪೋದ್ ದಿನ, ಒಳಗೆ ಬೇರೆ ಹಂದಿಯ ಸಾರು ಕುದಿಯುತ್ತಿತ್ತು, ಇವಳು ಬೇಲಿ ಮುರಿದು ಹೋದವಳು ಸಂಜೆಗೆ ಬಂದಳು. ಮತ್ತೆ 24ಕ್ಕೆ ಅದೇ ಕಥೆ. ತೋಟದ ಕೆಳಗೆ ಕಾಡುಹಂದಿ ಓಡಾಡುತ್ತವೆ. ಈಗ ಹೊಟ್ಟೆ ಜೋತಿದೆ, ಮೊಲೆಗಳು ಎದ್ದು ಕಾಣುತ್ತಿವೆ. ವಯಸ್ಸು ಇನ್ನೂ ಹತ್ತು ತಿಂಗಳು ಅಷ್ಟೆ.

ಅಪ್ಪ, "ಹಂದಿಗೆ ಯಾರಾದರೂ ಬಾಣಂತನ ಮಾಡ್ತಾರಾ, ಅದೇ ಹಾಕಿಕೊಳ್ಳುತ್ತೆ ಬಿಡು" ಅಂತಾರೆ. ನನಗೆ ನಿದ್ದೆ ಬರುತ್ತಿಲ್ಲ. ಮಾಡಿ ಗೊತ್ತಿರುವವರು ಹೇಳಿ.

ಹುದಿಕೇರಿಯಿಂದ

ತಂಗಿ, ಮೊದಲು ಲೆಕ್ಕ ನೋಡೋಣ. ಹಂದಿಯ ಗಬ್ಬ 114 ದಿನ. ಮೂರು ತಿಂಗಳು, ಮೂರು ವಾರ, ಮೂರು ದಿನ ಅಂತ ನೆನಪಿಟ್ಟುಕೊಳ್ಳಿ, ಸುಲಭ. ಎರಡು ಮೂರು ದಿನ ಹಿಂದೆ ಮುಂದೆ ಆಗುತ್ತದೆ. ಕೈಲ್‌ಪೋದಿನಿಂದ ಎಣಿಸಿದರೆ ಡಿಸೆಂಬರ್ 26. ಆದರೆ ನೀವು ಬರೆದದ್ದರಲ್ಲೇ ಉತ್ತರ ಇದೆ ನೋಡಿ. ಹಂದಿ 21 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ. 3ರಿಂದ 24ಕ್ಕೆ ಸರಿಯಾಗಿ 21. ಎರಡನೇ ಸಲ ಬೇಲಿ ಮುರಿದಳು ಅಂದರೆ ಮೊದಲ ಸಲ ಗಬ್ಬ ನಿಂತಿರಲಿಲ್ಲ ಅಂತ ನನ್ನ ಅಂದಾಜು. ಹಾಗಾದರೆ ಜನವರಿ 16ರ ಆಸುಪಾಸು. ಎರಡನೇ ಸಲ ಸುಮ್ನೆ ಅಡ್ಡಾಡಲು ಹೋಗಿದ್ದರೂ ಹೋಗಿರಬಹುದು, ಅದಕ್ಕೆ ಡಿಸೆಂಬರ್ 20ರೊಳಗೆ ಗೂಡು ರೆಡಿ ಇರಲಿ.

ಗೂಡಿನ ವಿಷಯ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ನಾನು ಕಳೆದುಕೊಂಡಿದ್ದು ಅಲ್ಲೇ. ನನ್ನ ಮೊದಲ ಹಂದಿ ಒಂಬತ್ತು ಮರಿ ಹಾಕಿತು. ಬೆಳಗ್ಗೆ ನೋಡಿದರೆ ನಾಲ್ಕು ಗೋಡೆಗೆ ಅಂಟಿಕೊಂಡು ಚಪ್ಪಟೆ. ರೋಗ ಅಲ್ಲ, ಏನೂ ಅಲ್ಲ. ತಾಯಿ ಗೋಡೆಗೆ ಒರಗಿ ದಡ್ ಅಂತ ಮಲಗುತ್ತದೆ, ಮಧ್ಯೆ ಸಿಕ್ಕಿದ ಮರಿ ಹೋಯಿತು. ಅವತ್ತೇ ಯಜಮಾನರು ಸಿಲ್ವರ್ ಮರದ ಗಳ ಕಡಿದು ಗೋಡೆಯ ಸುತ್ತ ಕಟ್ಟಿದರು. ನೆಲದಿಂದ ಒಂದು ಗೇಣು ಮೇಲೆ, ಗೋಡೆಯಿಂದ ಒಂದು ಗೇಣು ಈಚೆ. ತಾಯಿಯ ಬೆನ್ನು ಗಳಕ್ಕೆ ತಾಗಿ ನಿಲ್ಲುತ್ತದೆ, ಮರಿ ಗಳದ ಕೆಳಗೆ ನುಸುಳಿಕೊಳ್ಳುತ್ತದೆ. ಇಷ್ಟೇ ಕೆಲಸ, ಅರ್ಧ ದಿನದ್ದು. ಬೇರೆ ಏನು ಬಿಟ್ಟರೂ ಇದನ್ನು ಬಿಡಬೇಡಿ.

ಒಂದು ಮೂಲೆಯಲ್ಲಿ ಮರಿಗಳಿಗೆ ಮಾತ್ರ ಹೋಗಲು ಆಗುವಂತೆ ಅಡ್ಡ ಕಟ್ಟಿ, ಮೇಲೆ ಬಲ್ಬ್ ಇಳಿಬಿಡಿ. ಮರಿಗೆ ಮೊದಲ ದಿನಗಳಲ್ಲಿ 32ರಿಂದ 34 ಡಿಗ್ರಿ ಬೇಕು. ತಾಯಿಗೆ ಅಷ್ಟು ಸೆಕೆ ಆಗದು, ಅದಕ್ಕೇ ಬೇರೆ ಮೂಲೆ. ನಮ್ಮ ಜನವರಿ ರಾತ್ರಿಯ ಚಳಿ ಗೊತ್ತಲ್ಲ. ಎಲ್‌ಇಡಿ ಬಲ್ಬ್ ಹಾಕಿ ಮೋಸ ಹೋಗಬೇಡಿ, ಅದು ಬೆಳಕು ಕೊಡುತ್ತದೆ, ಬಿಸಿ ಕೊಡುವುದಿಲ್ಲ. ಕೋಳಿ ಮರಿಗೆ ಹಾಕುವ ಕೆಂಪು ಬಲ್ಬ್ ತನ್ನಿ. ಥರ್ಮಾಮೀಟರ್ ಬೇಡ, ಮರಿಗಳೇ ಹೇಳುತ್ತವೆ. ಒಂದರ ಮೇಲೊಂದು ರಾಶಿ ಬಿದ್ದಿದ್ದರೆ ಚಳಿ. ಬಲ್ಬಿನಿಂದ ದೂರ ಹರಡಿಕೊಂಡಿದ್ದರೆ ಸೆಕೆ. ಪಕ್ಕಪಕ್ಕ ಕಾಲು ಚಾಚಿ ಮಲಗಿದ್ದರೆ ನೀವೂ ಹೋಗಿ ಮಲಗಿ.

ಸುಗ್ಗಿ ಹಬ್ಬ ಪುತ್ತರಿ ಮುಗಿದು ಗದ್ದೆ ಕುಯ್ಲಾಗಿದೆ, ಹೊಸ ಹುಲ್ಲು ಸಿಗುತ್ತದೆ. ಆದರೆ ಉದ್ದ ಹುಲ್ಲು ಹಾಕಬೇಡಿ, ಮರಿಯ ಕಾಲಿಗೆ ಸುತ್ತಿಕೊಳ್ಳುತ್ತದೆ. ಗೇಣುದ್ದಕ್ಕೆ ಕತ್ತರಿಸಿ ಹಾಕಿ.

ಎರಡು ವಾರ ಮುಂಚೆ ಡಾಕ್ಟರನ್ನು ಕೇಳಿ ಹುಳದ ಔಷಧಿ. ಗೂಡಿಗೆ ಬಿಡುವ ದಿನ ಬಿಸಿನೀರು, ಸೋಪು ಹಾಕಿ ಹೊಟ್ಟೆ, ಮೊಲೆ ಎಲ್ಲ ತೊಳೆಯಿರಿ. ಬಾಟಲಿ ಕುಡಿದು ಬೆಳೆದವಳು, ನಿಂತುಕೊಂಡೇ ತೊಳೆಸಿಕೊಳ್ಳುತ್ತಾಳೆ. ನಮ್ಮದಾದರೆ ನಾವೇ ಸ್ನಾನ ಮಾಡಿ ಬರಬೇಕು.

ಮೂರ್ನಾಡಿನಿಂದ

ಊಟದ ಬಗ್ಗೆ ಒಂದು ಮಾತು. ಪ್ರೀತಿ ಜಾಸ್ತಿ ಆಗಿ ಕೊಬ್ಬಿಸಬೇಡಿ. ಕೊಬ್ಬಿದ ಹಂದಿಗೆ ಮರಿ ಹಾಕುವುದು ಕಷ್ಟ. ದಿನಕ್ಕೆ ಎರಡು ಕೆಜಿ ಆಹಾರ ಸಾಕು, ಜೊತೆಗೆ ಬೇಯಿಸಿದ ಕೆಸು, ಬಾಳೆದಿಂಡು ಏನಾದರೂ. ಕೊನೆಯ ನಾಲ್ಕೈದು ದಿನ ಬೂಸಾ ಜಾಸ್ತಿ ಮಾಡಿ. ಮಲ ಗಟ್ಟಿಯಾದರೆ ಆಮೇಲೆ ಜ್ವರ, ಹಾಲು ಇಳಿಯದೇ ಇರುವುದು, ಎಲ್ಲ ಶುರು. ಹಾಕುವ ದಿನ ತಿನ್ನದಿದ್ದರೆ ಬಿಡಿ, ನೀರು ಮಾತ್ರ ಯಾವಾಗಲೂ ಇರಲಿ. ಹಾಕಿದ ಮೇಲೆ ದಿನದಿಂದ ದಿನಕ್ಕೆ ಏರಿಸುತ್ತಾ ಹೋಗಿ. ಆಗ ಎಷ್ಟು ಕೊಟ್ಟರೂ ಸಾಲದು, ಎಲ್ಲ ಹಾಲಿಗೇ ಹೋಗುತ್ತದೆ.

ಕುಶಾಲನಗರದಿಂದ

ಇಷ್ಟೆಲ್ಲ ಯಾಕೆ ತಲೆಬಿಸಿ? ಹಂದಿ ಸಾರಿಗೆ ಹಾಕುವ ಹುಳಿ, ಕಾಚಂಪುಳಿ, ಎರಡು ಬಾಟಲಿ ತಂದಿಡಿ, ನಾವು ಬರುತ್ತೇವೆ.

ಹುದಿಕೇರಿಯಿಂದ

ಅಣ್ಣ, ನಿಮಗೆ ಬೇರೆ ಜಾಗ ಇಲ್ವಾ?

ಸೋಮವಾರಪೇಟೆಯಿಂದ

ಪಶು ಆಸ್ಪತ್ರೆಯಲ್ಲಿ ಮೂವತ್ತು ವರ್ಷ ಇದ್ದು ನಿವೃತ್ತನಾದವನು ನಾನು. ನೋಡಮ್ಮ, ನಿಮ್ಮಪ್ಪ ಹೇಳಿದ್ದು ಮುಕ್ಕಾಲು ಪಾಲು ಸರಿ. ಹಂದಿ ತಾನೇ ಹಾಕಿಕೊಳ್ಳುತ್ತದೆ. ಉಳಿದ ಕಾಲು ಪಾಲಿಗೆ ನೀವು ಪಕ್ಕದಲ್ಲಿರಬೇಕು, ಅಷ್ಟೆ.

ತಾರೀಕು ಹಿಡಿದುಕೊಂಡು ಕೂರಬೇಡಿ, ಮೈ ನೋಡಿ. ಮೂರು ನಾಲ್ಕು ದಿನ ಮುಂಚೆ ಹಿಂಭಾಗ ಊದಿಕೊಳ್ಳುತ್ತದೆ. ಮೊಲೆ ಹಿಂಡಿದಾಗ ನೀರಿನಂಥದ್ದು ಒಂದು ಹನಿ ಬಂದರೆ ಇನ್ನೂ ಹೊತ್ತಿದೆ. ಬಿಳಿ ಹಾಲು ಚಿರ್ ಅಂತ ಹಾರಿದರೆ ಸಾಮಾನ್ಯವಾಗಿ ಒಂದು ದಿನದೊಳಗೆ. ಹುಲ್ಲು ಕಚ್ಚಿಕೊಂಡು ಓಡಾಡುವುದು, ಕಾಲಲ್ಲಿ ನೆಲ ಕೆರೆಯುವುದು, ಎದ್ದು ಮಲಗಿ ಮಾಡುವುದು ಕಂಡರೆ ಅವತ್ತು ರಾತ್ರಿ ಫ್ಲಾಸ್ಕಿಗೆ ಕಾಫಿ ಹಾಕಿಕೊಳ್ಳಿ.

ಶುರುವಾದರೆ ಹದಿನೈದು ಇಪ್ಪತ್ತು ನಿಮಿಷಕ್ಕೊಂದು ಮರಿ ಬರುತ್ತದೆ. ಒಟ್ಟು ಎರಡು ಗಂಟೆಯಿಂದ ಐದು ಗಂಟೆವರೆಗೆ ಆಗಬಹುದು. ಹಿಂಗಾಲು ಮೊದಲು ಬಂದರೆ ಹೆದರಬೇಡಿ. ದನಕ್ಕೆ ಅದು ತೊಂದರೆ, ಹಂದಿಗೆ ಮಾಮೂಲು. ಮೂಗು ಬಾಯಿ ಒರೆಸಿ, ಒಣಬಟ್ಟೆಯಲ್ಲಿ ಮೈ ಉಜ್ಜಿ, ಮೊಲೆಗೆ ಬಿಡಿ. ಹೊಕ್ಕುಳ ಬಳ್ಳಿ ಎಳೆಯಬೇಡಿ, ರಕ್ತ ಸುರಿದರೆ ಮಾತ್ರ ನೂಲು ಕಟ್ಟಿ, ತುದಿಯನ್ನು ಟಿಂಚರ್ ಅಯೋಡಿನ್‌ನಲ್ಲಿ ಅದ್ದಿ. ಗಿಣ್ಣು ಹಾಲು ಮೊದಲ ಆರು ಗಂಟೆಯೊಳಗೆ ಹೊಟ್ಟೆಗೆ ಹೋಗಲೇಬೇಕು. ಹಂದಿಮರಿಗೆ ರೋಗ ತಡೆಯುವ ಶಕ್ತಿ ಹುಟ್ಟುವಾಗ ಇರುವುದೇ ಇಲ್ಲ ಅನ್ನಬಹುದು, ಎಲ್ಲ ಆ ಹಾಲಿನಿಂದಲೇ ಬರಬೇಕು.

ಒಂದು ಗಂಟೆ ಮುಕ್ಕಿದರೂ ಮರಿ ಬರದಿದ್ದರೆ ಡಾಕ್ಟರಿಗೆ ಫೋನ್ ಮಾಡಿ. ತಡರಾತ್ರಿ ಯಾರೂ ಸಿಗುವುದಿಲ್ಲ ಅಂತ ಈಗಲೇ ನಂಬರ್ ಕೇಳಿ ಇಟ್ಟುಕೊಳ್ಳಿ. ಪಶು ಸಂಜೀವಿನಿ ಅಂತ ಪಶು ಆಂಬುಲೆನ್ಸ್ ಇದೆ, ಅದರ ಸಹಾಯವಾಣಿ 1962 ಕೂಡ ಫೋನಿನಲ್ಲಿರಲಿ. ಮೆಡಿಕಲ್‌ನಿಂದ ಹೆರಿಗೆ ನೋವು ಬರಿಸುವ ಆಕ್ಸಿಟೋಸಿನ್ ತಂದು ಚುಚ್ಚುವವರಿದ್ದಾರೆ. ದಯವಿಟ್ಟು ಬೇಡ. ಮರಿ ಅಡ್ಡ ಸಿಕ್ಕಿದಾಗ ಅದನ್ನು ಕೊಟ್ಟರೆ ಗರ್ಭಚೀಲವೇ ಹರಿದು ಹೋಗಬಹುದು. ಒಳಗೆ ಕೈ ಹಾಕಿ ನೋಡದೆ ನಾವ್ಯಾರೂ ಕೊಡುತ್ತಿರಲಿಲ್ಲ.

ಮೂರನೇ ದಿನ ಕಬ್ಬಿಣಾಂಶದ ಇಂಜೆಕ್ಷನ್ ಹಾಕಿಸಿ. ಮರಿಗೆ ದಿನಕ್ಕೆ ಏಳು ಮಿಲಿಗ್ರಾಂ ಬೇಕು, ತಾಯಿ ಹಾಲಲ್ಲಿ ಸಿಗುವುದು ಒಂದು. ಹಾಕಿಸದಿದ್ದರೆ ಎರಡು ಮೂರು ವಾರಕ್ಕೆ ಬಿಳಚಿಕೊಂಡು ಏದುಸಿರು ಬಿಡುತ್ತವೆ.

ಮೂರ್ನಾಡಿನಿಂದ

ನಮ್ಮಜ್ಜಿ ಇಂಜೆಕ್ಷನ್ ಕಂಡವರಲ್ಲ. ದಿಬ್ಬ ಕಡಿದು ಕೆಂಪು ಮಣ್ಣಿನ ಹೆಂಟೆ ಎರಡು ಗೂಡಿಗೆ ಎಸೆಯುತ್ತಿದ್ದರು. ಮರಿಗಳು ಅದನ್ನೇ ನೆಕ್ಕಿಕೊಂಡು ಬೆಳೆದವು.

ಸೋಮವಾರಪೇಟೆಯಿಂದ

ಅಜ್ಜಿಯ ಲೆಕ್ಕ ತಪ್ಪಲ್ಲ. ನಮ್ಮ ಕೆಂಪು ಮಣ್ಣಿನಲ್ಲಿ ಕಬ್ಬಿಣ ಇದೆ. ಆದರೆ ಹಂದಿ ಓಡಾಡಿದ ಜಾಗದ ಮಣ್ಣು ಕೊಟ್ಟರೆ ಹುಳದ ಮೊಟ್ಟೆಯೂ ಜೊತೆಗೆ ಹೋಗುತ್ತದೆ. ಇಂಜೆಕ್ಷನ್ನೇ ಮೇಲು.

ಸಿದ್ದಾಪುರದಿಂದ

ಒಂದು ವಿಷಯ ಯಾರೂ ಹೇಳಲಿಲ್ಲ. ಮೊದಲ ಹೆರಿಗೆಯ ಹಂದಿ ಮರಿಯನ್ನೇ ಕಚ್ಚಬಹುದು. ನಮ್ಮದು ಹಾಗೆ ಮಾಡಿತು. ಮರಿ ಕಿರುಚಿದ ಕೂಡಲೇ ಇದು ಹೆದರಿ ಬಾಯಿ ಹಾಕಿತು, ಒಂದು ಸತ್ತೇ ಹೋಯಿತು. ತಪ್ಪು ನಮ್ಮದೇ. ಮನೆಯವರು, ಲೈನ್ ಮನೆಯ (ತೋಟದ ಕೆಲಸದವರ ಮನೆ) ಮಕ್ಕಳು, ನಾಯಿ, ಎಲ್ಲರೂ ಟಾರ್ಚ್ ಹಿಡಿದು ನಿಂತಿದ್ದೆವು. ಆಮೇಲೆ ಹುಟ್ಟಿದ್ದನ್ನೆಲ್ಲ ಕುಕ್ಕೆಗೆ ಹಾಕಿ ಬೆಚ್ಚಗೆ ದೂರ ಇಟ್ಟು, ಕೊನೆಯದು ಬಂದು ಅದು ಸುಸ್ತಾಗಿ ಮಲಗಿದ ಮೇಲೆ ಒಂದೊಂದಾಗಿ ಮೊಲೆಗೆ ಬಿಟ್ಟೆವು. ಮೂಸಿತು, ಗುರ್ ಅಂದಿತು, ಮತ್ತೆ ಸುಮ್ಮನಾಯಿತು. ನಿಮ್ಮವಳಿಗೆ ನಿಮ್ಮ ದನಿ ಗೊತ್ತು. ನೀವೊಬ್ಬರೇ ಇರಿ.

ಕುಟ್ಟದಿಂದ

ಕಾಡುಹಂದಿ ಅಂತ ಬರೆದಿದ್ದೀರಿ, ಅದು ಓದಿ ನನಗೆ ಬೇರೆ ಚಿಂತೆ. ಆಫ್ರಿಕನ್ ಹಂದಿ ಜ್ವರ 2020ರಲ್ಲಿ ಅಸ್ಸಾಂ, ಅರುಣಾಚಲದ ಕಡೆ ಮೊದಲು ಕಾಣಿಸಿತು. 2022ರ ಜುಲೈನಲ್ಲಿ ನಮ್ಮ ಪಕ್ಕದ ವಯನಾಡಿನ ಮಾನಂದವಾಡಿಗೇ ಬಂತು. ಸುತ್ತಮುತ್ತಲ ಹಂದಿಗಳನ್ನೆಲ್ಲ ಕೊಂದು ಹೂತರು. ಅದಕ್ಕೆ ಔಷಧಿ ಇಲ್ಲ. ಮನುಷ್ಯರಿಗೆ ಬರುವುದಿಲ್ಲ, ಆದರೆ ಹಂದಿಗೆ ಬಂದರೆ ಮುಗಿಯಿತು. ಕಾಡುಹಂದಿಯಿಂದಲೂ ಬರುತ್ತದೆ, ಹಂದಿ ಮಾಂಸ ಸೇರಿದ ಎಂಜಲಿನಿಂದಲೂ ಬರುತ್ತದೆ. ಬೇಲಿ ಗಟ್ಟಿ ಮಾಡಿ. ಮದುವೆ ಮನೆಯ ಎಂಜಲು, ಹೋಟೆಲ್ ಮುಸುರೆ ಮುಟ್ಟಿಸಬೇಡಿ. ಬೇರೆ ಹಂದಿ ಗೂಡಿಗೆ ಹೋಗಿ ಬಂದವರು ಅದೇ ಚಪ್ಪಲಿಯಲ್ಲಿ ಒಳಗೆ ಬರಬಾರದು. ಕಾಡುಹಂದಿ ಸಹವಾಸ ಆಗಿದೆ ಅಂತ ಡಾಕ್ಟರಿಗೆ ನಾಚಿಕೆ ಇಲ್ಲದೆ ಹೇಳಿ.

ಕೇಳಿದವರು: ಜನವರಿ 17

ಎಲ್ಲರಿಗೂ ತಡವಾಗಿ ಬರೆಯುತ್ತಿದ್ದೇನೆ, ನಿದ್ದೆಯೇ ಇಲ್ಲ. ಹುದಿಕೇರಿ ಅಕ್ಕ, ನಿಮ್ಮ ಲೆಕ್ಕ ಸರಿ. ಡಿಸೆಂಬರ್ 26ಕ್ಕೆ ಏನೂ ಆಗಲಿಲ್ಲ. ಅಪ್ಪ ನಗಾಡಿದರು, ಆದರೆ ಗಳ ಕಟ್ಟಿಕೊಟ್ಟಿದ್ದು ಅವರೇ.

14ರ ಮಧ್ಯಾಹ್ನ ಕಣದಲ್ಲಿ ಕಾಫಿ ಹರಡುತ್ತಿದ್ದೆವು. ಬೊಮ್ಮಿ ಬಂದು ಒಂದು ಖಾಲಿ ಗೋಣಿ ಕಚ್ಚಿಕೊಂಡು ಹೋದಳು. ಮತ್ತೆ ಬಂದು ಇನ್ನೊಂದು. ಮೂರನೇ ಸಲ ಅಪ್ಪನ ತಲೆವಸ್ತ್ರ. ಅಷ್ಟು ಹುಲ್ಲು ಹಾಕಿಟ್ಟಿದ್ದೆ, ಅದರ ಮೇಲೆ ಗೋಣಿ ಹರಿದು ಹಾಸಿ, ಮೂತಿಯಲ್ಲಿ ತಳ್ಳಿ ತಳ್ಳಿ ಗುಂಡಗೆ ಮಾಡಿಕೊಂಡಳು. ಮೊಲೆ ಹಿಂಡಿದೆ, ನನ್ನ ಕೆನ್ನೆಗೇ ಹಾಲು ಹಾರಿತು.

ರಾತ್ರಿ ಹತ್ತೂವರೆಗೆ ಮೊದಲನೆಯದು. ಬಾಲ ಎರಡು ಸಲ ಪಟಪಟ ಬಡಿದಳು, ಮರಿ ಜಾರಿ ಹುಲ್ಲಿಗೆ ಬಿತ್ತು. ಹಿಂಗಾಲೇ ಮೊದಲು. ಸೋಮವಾರಪೇಟೆಯವರು ಹೇಳದೇ ಇದ್ದಿದ್ದರೆ ನಾನು ಅಲ್ಲೇ ಅಳುತ್ತಿದ್ದೆ. ನಾಲ್ಕನೆಯದು ಉಸಿರಾಡಲಿಲ್ಲ. ಬಾಯಿಂದ ಲೋಳೆ ತೆಗೆದು, ಟವೆಲಿನಲ್ಲಿ ಉಜ್ಜಿ ಉಜ್ಜಿ ಕೈ ನೋವು ಬಂತು. ಬಿಟ್ಟುಬಿಡೋಣ ಅಂದುಕೊಳ್ಳುವಾಗ ಸೀನಿತು. ಐದನೆಯದಕ್ಕೂ ಆರನೆಯದಕ್ಕೂ ನಡುವೆ ಐವತ್ತು ನಿಮಿಷ ಆಯಿತು. ಫೋನ್ ಕೈಯಲ್ಲಿ ಹಿಡಿದೇ ಕೂತಿದ್ದೆ. ಬಂದಾಗ ಅದು ಸತ್ತೇ ಹುಟ್ಟಿತ್ತು. ಏಳನೆಯದು ಚೆನ್ನಾಗಿದೆ. ಎರಡು ಗಂಟೆಗೆ ಮಾಸು ಬಿತ್ತು. ಕಚ್ಚಲಿಲ್ಲ. ಒಂದು ಸಲ ಗುರ್ ಅಂದಳು, "ಬೊಮ್ಮೀ" ಅಂದೆ, ತಲೆ ಕೆಳಗೆ ಇಟ್ಟಳು.

ಮೂರು ಗಂಟೆಗೆ ಕರೆಂಟ್ ಹೋಯಿತು. ಅದಂತೂ ಯಾರಿಗೂ ಆಶ್ಚರ್ಯ ಇಲ್ಲ ಅಲ್ವಾ. ಬಾಟಲಿಗಳಿಗೆ ಬಿಸಿನೀರು ತುಂಬಿ, ಬಟ್ಟೆ ಸುತ್ತಿ ಮೂಲೆಯಲ್ಲಿ ಇಟ್ಟೆ. ಬೆಳಗ್ಗೆ ನೋಡುವಾಗ ಅಪ್ಪ ಅಲ್ಲಿ ಕಂಬಳಿ ಹೊದ್ದು ಕೂತಿದ್ದಾರೆ, ಮಡಿಲಲ್ಲಿ ಸೀನಿದ ಮರಿ.

ಇವತ್ತು ಡಾಕ್ಟರ್ ಬಂದು ಇಂಜೆಕ್ಷನ್ ಹಾಕಿ ಹೋದರು. ಬೊಮ್ಮಿಗೆ ಜ್ವರ ಇಲ್ಲ, 102 ಇದೆ, ಅದು ಹಂದಿಗೆ ಸರಿಯಾದ್ದೇ ಅಂದರು. 104 ದಾಟಿದರೆ, ಮೊಲೆ ಕಲ್ಲಿನಂತಾದರೆ ಕರೆಯಿರಿ ಅಂದಿದ್ದಾರೆ.

ಆರರಲ್ಲಿ ನಾಲ್ಕು ಅಚ್ಚ ಕಪ್ಪು. ಎರಡಕ್ಕೆ ಬೆನ್ನ ಮೇಲೆ ಕಂದು ಪಟ್ಟೆ, ಸೌತೆಕಾಯಿಯ ಗೆರೆಯ ಹಾಗೆ, ಕಾಡುಹಂದಿ ಮರಿಗೆ ಇರುವಂಥದ್ದೇ. ಅಪ್ಪ ಯಾರು ಅಂತ ಇನ್ನು ಕೇಳುವ ಹಾಗಿಲ್ಲ.

ಸೋಮವಾರಪೇಟೆಯಿಂದ

ಐವತ್ತು ನಿಮಿಷಕ್ಕೆ ಫೋನ್ ಮಾಡಿದ್ದರೂ ತಪ್ಪಿರಲಿಲ್ಲ. ಬೇಜಾರು ಬೇಡ, ಮೊದಲ ಸೂಲಿನಲ್ಲಿ ಒಂದು ಹೀಗೆ ಹೋಗುವುದುಂಟು. ಈಗ ಒಂದು ಗಮನಿಸಿ. ಎರಡು ಮೂರು ದಿನದಲ್ಲಿ ಪ್ರತಿ ಮರಿಯೂ ತನ್ನದೇ ಒಂದು ಮೊಲೆ ಹಿಡಿದುಕೊಳ್ಳುತ್ತದೆ, ಆಮೇಲೆ ಬದಲಾಯಿಸುವುದಿಲ್ಲ. ಮುಂದಿನ ಮೊಲೆಗಳಲ್ಲಿ ಹಾಲು ಜಾಸ್ತಿ. ಸೀನಿದ ಮರಿಯನ್ನು ಇವತ್ತೇ ಮುಂದಕ್ಕೆ ಬಿಡಿ.

ಕೇಳಿದವರು

ಬಿಟ್ಟೆ. ಪಟ್ಟೆಯವನು ತಳ್ಳಿ ಹಾಕಿದ. ಮತ್ತೆ ಬಿಟ್ಟೆ. ಈಗ ಹಿಡಿದುಕೊಂಡಿದೆ.

ಕುಶಾಲನಗರದಿಂದ

ಅಕ್ಕ, ನಾನು ಅವತ್ತು ಕಾಚಂಪುಳಿ ಅಂದವನು. ಒಂದು ಮರಿ ಕೊಡ್ತೀರಾ? ಸಾಕಲು. ಆಣೆ.

ಕೇಳಿದವರು

ಎಂಟು ವಾರ ಹಾಲು ಕುಡಿಯಲಿ. ಆಮೇಲೆ ಮೊದಲು ಗೋಡೆ ಸುತ್ತ ಗಳ ಕಟ್ಟಿ ಫೋಟೋ ಕಳಿಸಿ, ನೋಡೋಣ.